ಗೆಣಸಿನ ತಕ್ಕಡಿ

ಆಸ್ಪತ್ರೆಯ ಯಂತ್ರ ನೂರೈವತ್ತಕ್ಕೇ ಮುಗಿದು
ಆಚೆಗೆ ಲೋಕವೇ ಇಲ್ಲವೆಂಬಂತೆ
ಮುಳ್ಳು ನಡುಗುತ್ತ ನಿಂತಿತು.
ನರ್ಸ್ ಲೂಸಿಯಾನೆ ನನಗಿಂತ ಹೆಚ್ಚು ನಾಚಿದಳು.
"ಮೆಲೆನೈಟೆ ಅತ್ತೆ, ಬೇಜಾರಿಲ್ಲದಿದ್ದರೆ
ಬಂದರಿನಲ್ಲಿ ಗೆಣಸು ತೂಗುತ್ತಾರಲ್ಲ..."

ಹೋದೆ. ನೆಯಾಫು ಕಟ್ಟೆ, ಬೆಳಗಿನ ಏಳು.
ಟೋಂಗಾದ ದೊಡ್ಡ ದ್ವೀಪಕ್ಕೆ ಹೊರಟ ಮೂಟೆಗಳ ನಡುವೆ
ಚಪ್ಪಲಿ ಬಿಟ್ಟು ಕಬ್ಬಿಣದ ಹಲಗೆ ಹತ್ತಿದೆ.
ಭಕ್ತಿಯಿಂದಲ್ಲ, ಕಾಲು ಕೆಜಿ ಉಳಿಯಲೆಂದು.
ತೂಗುವ ಮುದುಕ ವಿಲಿಸೋನಿ ಅಭ್ಯಾಸಬಲದಿಂದ ಕೂಗಿದ:
"ನೂರ ಅರವತ್ತೆರಡು! ಯಾರದ್ದು?"
"ನನ್ನದೇ" ಎಂದೆ.
ಮೂಟೆ ಹೊರುವ ಹುಡುಗರು ನಗಲಿಲ್ಲ.
ನಕ್ಕಿದ್ದರೆ ವಾಸಿಯಿತ್ತು.

ನಮ್ಮಲ್ಲಿ ಮೈತುಂಬಿದವಳೆಂದರೆ
ಯಾರೋ ಅಕ್ಕರೆಯಿಂದ ಸಾಕಿದವಳು.
ಮದುವೆಯಲ್ಲಿ ಗಂಡಿನ ಕಡೆಯವರು
ನನ್ನ ತೋಳು ನೋಡಿ ಅಮ್ಮನನ್ನು ಹೊಗಳಿದರು.
ಎರಡನೆಯ ಸಲ ಬಡಿಸಿಕೊಳ್ಳದಿದ್ದರೆ
ಮನೆಯೊಡತಿಗೆ ಅವಮಾನ.
ಹಾಗೆ ಬಡಿಸಿದ್ದನ್ನೆಲ್ಲ ಅಂದದ್ದನ್ನೆಲ್ಲ
ನಲವತ್ತು ವರ್ಷ ಹೊಟ್ಟೆಗೆ ಹಾಕಿಕೊಂಡೆ:
ನ್ಯೂಜಿಲೆಂಡಿನಿಂದ ಹಡಗಿಳಿಯುವ
ಕುರಿಪಕ್ಕೆಯ ಕೊಬ್ಬನ್ನೂ, ಡಬ್ಬಿ ಮಾಂಸವನ್ನೂ,
ನಾದಿನಿಯ ಮಾತನ್ನೂ,
ತೀರಿಹೋದ ಗಂಡನ ಪಾಲಿನ ಪುಡಿಂಗನ್ನೂ.

ರಕ್ತದಲ್ಲಿ ಸಕ್ಕರೆ ಎಂದರು ಡಾಕ್ಟರು. ಗೊತ್ತಿತ್ತು.
ಕಾಲು ಜೋಪಾನ ಎಂದರು.
ಅಣ್ಣನ ಬಲಗಾಲು ಅವನಿಗಿಂತ ಎರಡು ವರ್ಷ ಮೊದಲೇ
ಮಣ್ಣು ಸೇರಿತ್ತು. ಅದೂ ಗೊತ್ತಿತ್ತು.
ಅದ್ಯಾವುದಕ್ಕೂ ಹೆದರದವಳು
ಒಂದು ಭಾನುವಾರ ಇಗರ್ಜಿಯಲ್ಲಿ ಹೆದರಿದೆ.
ಹದಿನಾರು ಎಣಿಕೆ ಎಳೆಯಬೇಕಾದ ಮಂದ್ರದ ಸ್ವರ
ಒಂಬತ್ತಕ್ಕೇ ಕಡಿದುಹೋಯಿತು.
ಪಕ್ಕದ ಕಲೋಲಾಯ್ನೆ ತಿರುಗಿ ನೋಡಲಿಲ್ಲ,
ತನ್ನ ದನಿಯನ್ನು ಸುಮ್ಮನೆ ಆ ತೂತಿಗೆ ಒತ್ತಿದಳು.

ಮರುದಿನ ನಸುಕಿಗೇ ತಲಾವು ಗುಡ್ಡದ ದಾರಿ.
ಗುಡ್ಡವೆಂದರೆ ಗುಡ್ಡವಲ್ಲ,
ಯಾರೋ ಕುಳಿತೆದ್ದಂತೆ ನೆತ್ತಿ ಸಪಾಟಾದ ದಿಬ್ಬ.
ಮೊದಲ ವಾರ ನಾಯಿಗಳ ತನಕ.
ಆಮೇಲೆ ನಾಯಿಗಳು ಬೊಗಳುವುದ ಬಿಟ್ಟವು,
ಕೆಟ್ಟು ನಿಂತ ಬಸ್ಸಿನ ತನಕ.
ಮಂಡಿ ಅನ್ನುತ್ತಿತ್ತು: ಇಷ್ಟು ಕಾಲ ಹೊತ್ತೆನಲ್ಲ,
ಒಂದು ಮಾತು ಕೇಳಿದ್ದೆಯಾ?

ಕೆಸುವಿನೆಲೆ ಅದೇ. ಒಳಗೆ ಡಬ್ಬಿಯ ಬದಲು
ಬೆಳಗಿನ ಮೀನು, ಮೂರು ಕಾಯಿಯ ಹಾಲಿನ ಬದಲು ಒಂದರದು.
ಮಣ್ಣೊಲೆಯಲ್ಲಿ ಬೆಂದ ಜೀಗುಜ್ಜೆ ಅರ್ಧ.
ಉಳಿದರ್ಧದ ಕಡೆ ನೋಡುವುದಿಲ್ಲ.
ಸುಳ್ಳು. ನೋಡುತ್ತೇನೆ.
ಆಗಸ್ಟಿನ ಒಂದು ರಾತ್ರಿ ದೀಪ ಹಚ್ಚದೆ, ನಿಂತೇ,
ಬೋಗುಣಿ ತುಂಬ ಪುಡಿಂಗು ತಿಂದೆ.
ಚಮಚವನ್ನು ಸದ್ದಾಗದಂತೆ ತೊಳೆದಿಟ್ಟೆ,
ಒಬ್ಬಳೇ ಇರುವ ಮನೆಯಲ್ಲಿ.
ಬೆಳಗ್ಗೆ ಗುಡ್ಡ ಏನೂ ಕೇಳಲಿಲ್ಲ.

ಸೊಂಟಕ್ಕೆ ಸುತ್ತುವ ಚಾಪೆ ಅಮ್ಮನದು, ಅವಳಿಗೆ ಅಜ್ಜಿಯದು.
ಮೇಲೆ ಬಿಗಿಯುವ ನಾರಿನ ಹಗ್ಗದಲ್ಲಿ
ಗಂಟು ಒಂದು ಗೇಣು ಹಿಂದೆ ಸರಿದಿದೆ.
ಹಳೆಯ ಗಂಟಿದ್ದ ಕಡೆ ಹಗ್ಗ ಕಪ್ಪಗೆ, ನುಣ್ಣಗೆ.
ಔತಣದಲ್ಲಿ ನಾದಿನಿ ಅದನ್ನು ಕಂಡು
"ಕಾಯಿಲೆಯಾ?" ಎಂದಳು, ಕಣ್ಣು ತುಂಬಿಕೊಂಡು,
ನನ್ನ ತಟ್ಟೆಗೆ ಇಡೀ ಹಂದಿಕಾಲು ಇಟ್ಟಳು.
ಇಪ್ಪತ್ತು ವರ್ಷ ಅಂದದ್ದಕ್ಕೆಲ್ಲ ಅದೇ ತಪ್ಪೊಪ್ಪಿಗೆಯೋ ಏನೋ.
ತಿನ್ನಲಿಲ್ಲ. ಅವಳ ಕೈ ಹಿಡಿದು ಕೂತೆ,
ಮಾಂಸ ಆರಿ ಕೊಬ್ಬು ಬೆಳ್ಳಗಾಗುವವರೆಗೆ.
"ನಾಳೆ ಐದಕ್ಕೆ ಬಾ" ಎಂದೆ,
"ನಾಯಿಗಳಿಗೆ ನಿನ್ನ ಪರಿಚಯ ಮಾಡಿಸುತ್ತೇನೆ."

ಮೊನ್ನೆ ಮತ್ತೆ ಹಲಗೆ ಹತ್ತಿದೆ.
ವಿಲಿಸೋನಿ ಈ ಸಲ ಕೂಗಲಿಲ್ಲ,
ಗುಟ್ಟಿನಂತೆ ಹೇಳಿದ: "ನೂರ ನಲವತ್ತೊಂಬತ್ತು."
ಅಂದರೆ ಆಸ್ಪತ್ರೆಯ ಮುಳ್ಳಿನೊಳಗೆ ನನಗೀಗ ಜಾಗವಿದೆ,
ಒಂದು ಕೆಜಿಯಷ್ಟು.
ಹೋಗಲಿಲ್ಲ. ಇಲ್ಲೇ ಅಭ್ಯಾಸವಾಗಿದೆ,
ಮಣ್ಣಿನ ವಾಸನೆ, ಮೂಟೆಗಳ ಸಾಲು,
"ಚಪ್ಪಲಿ ಹಾಕಿಕೊಳ್ಳಿ, ಕಾಲಿಗೆ ಮೊಳೆ ತಾಗೀತು" ಎನ್ನುವ ಹುಡುಗ.

ಸ್ವರವೋ, ಹದಿನಾಲ್ಕರವರೆಗೆ ಬರುತ್ತದೆ,
ಸೆಖೆಯ ದಿನ ಹನ್ನೆರಡು.
ಉಳಿದದ್ದಕ್ಕೆ ಕಲೋಲಾಯ್ನೆ ಇದ್ದಾಳೆ.